ಉಣುಗು ಹತ್ತದ ಮೈ

"ನನ್ನ ಹಸುನ ಕೊಂದ ಹುಳವೇ ಇವನ ದನಗಳ ರಕ್ತದಲ್ಲೂ ಇದೆ ಅಂತೀರಿ. ಹಾಗಾದ್ರೆ ಅವು ಯಾಕೆ ಸಾಯ್ಲಿಲ್ಲ?" ಮೈದುನನತ್ತ ಕೈ ತೋರಿಸಿ ದೊಡ್ಡಮ್ಮ ಕೇಳಿದಳು.

ದನದ ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. ಬೆಳಕು ಬೀಳಲೆಂದು ಅದನ್ನು ಕೊಟ್ಟಿಗೆಯ ಕಿಟಕಿಕಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಬೆಳಿಗ್ಗೆಯಿಂದ ಬೀದಿಯ ಎಲ್ಲಾ ದನಗಳ ಕಿವಿತುದಿ ಚುಚ್ಚಿ, ಒಂದೊಂದು ಹನಿ ರಕ್ತ ಗಾಜಿಗೆ ಸವರಿಕೊಂಡು ಬಂದಿದ್ದಳು. ಕೊಟ್ಟಿಗೆಯಲ್ಲಿ ಒಂದು ಗೂಟ ಖಾಲಿ. ದೊಡ್ಡಮ್ಮ 'ದೊಡ್ಡೋಳು' ಎಂದು ಕರೆಯುತ್ತಿದ್ದ ಚೊಚ್ಚಲ ಗಬ್ಬದ ಹಸು, ಕೆಂಪು ಮೂತ್ರ ಹೊಯ್ದು, ವಸಡು ಸುಣ್ಣದ ಹಾಗೆ ಬಿಳಿಚಿಕೊಂಡು, ನಿನ್ನೆ ಮಣ್ಣಾಗಿತ್ತು.

ಪಕ್ಕದ ಮನೆಯ ಮೈದುನ ಬಾಗಿಲಿಗೆ ಒರಗಿ ನಿಂತಿದ್ದ. ಅವನ ದನಗಳಿಗೆ ಮೈತುಂಬ ರಕ್ತ ಹೀರುವ ಉಣುಗು, ಕಿವಿಯೊಳಗಂತೂ ಗೊಂಚಲು ಗೊಂಚಲು. ಹೋದ ವಾರದವರೆಗೂ ಅವನದು ಒಂದೇ ಚೇಷ್ಟೆ: "ಅತ್ತಿಗೆ, ಹಸುಗೆ ಪೌಡರ್ ಹಚ್ಚೋದೊಂದು ಬಾಕಿ ನೋಡಿ." ದೊಡ್ಡಮ್ಮನೂ ಬಿಡುವವಳಲ್ಲ: "ನಿನ್ನ ತಲೆಗಿಂತ ಚೊಕ್ಕಟವಾಗಿದೆ, ಸುಮ್ನಿರು." ಇವತ್ತು ಅವನು ಖಾಲಿ ಗೂಟವನ್ನೇ ನೋಡುತ್ತಿದ್ದ.

"ಕರು ಆಗಿದ್ದಾಗಿಂದ ಉಣುಗು ಆರಿಸ್ತಿದ್ರಾ ಅಮ್ಮ?" ಡಾಕ್ಟರಮ್ಮ ಕೇಳಿದಳು.

"ಹುಟ್ಟಿದ ದಿನದಿಂದ. ಕಿವಿ ಹಿಂದೆ, ತೊಡೆ ಸಂದಿ, ಬಾಲದ ಬುಡ. ಒಂದನ್ನೂ ಬಿಟ್ಟವಳಲ್ಲ. ಬೇಕಾದ್ರೆ ಇವನನ್ನೇ ಕೇಳಿ." ಇಷ್ಟೆಲ್ಲ ಆದ ಮೇಲೂ ಆ ಮಾತಿನಲ್ಲಿ ಒಂದಿಷ್ಟು ಹೆಮ್ಮೆ ಉಳಿದಿತ್ತು.

ಡಾಕ್ಟರಮ್ಮ ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು. ಕೆಲಸಕ್ಕೆ ಹೊಸಬಳು, ಸುಳ್ಳು ಹೇಳಿ ಇನ್ನೂ ಅಭ್ಯಾಸವಾಗಿರಲಿಲ್ಲ.

"ಎಳೆಗರುವಿಗೆ ಉಣುಗು ಕಚ್ಚಿದ್ರೆ ಅದರ ಎಂಜಲಿಂದ ಈ ರೋಗದ ಹುಳ ಒಳಗೆ ಹೋಗುತ್ತೆ, ಆದ್ರೆ ಆ ವಯಸ್ಸಲ್ಲಿ ಮೈ ತಡ್ಕೊಳ್ಳುತ್ತೆ. ಆಮೇಲೆ ಹುಳ ರಕ್ತದಲ್ಲೇ ಉಳಿದ್ರೂ ದನ ಅದರ ಜೊತೆ ಬಾಳುತ್ತೆ. ಇವರ ದನಗಳದ್ದು ಹಾಗೆ. ನಿಮ್ಮದಕ್ಕೆ ನಿಮ್ಮ ಕಣ್ಣು ತಪ್ಪಿಸಿ ಮೊದಲನೇ ಸಲ ಕಚ್ಚಿದ್ದೇ ಬೆಳೆದು ಗಬ್ಬ ಆದ ಮೇಲೆ."

ದೊಡ್ಡಮ್ಮ ತನ್ನ ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ತಾಗಿಸಿ ನೋಡಿಕೊಂಡಳು.

"ನಾನು ಸೋಮಾರಿ ಆಗಿದ್ರೆ ಅದು ಬದುಕ್ತಿತ್ತು ಅನ್ನಿ."

"ಹಾಗಲ್ಲ ಅಮ್ಮ..." ಎನ್ನುತ್ತ ಡಾಕ್ಟರಮ್ಮ ಗಾಜುಗಳನ್ನು ಪೆಟ್ಟಿಗೆಗೆ ಜೋಡಿಸತೊಡಗಿದಳು.

"ಅತ್ತಿಗೆ, ನಾನೇನು ಬುದ್ಧಿವಂತಿಕೆಯಿಂದ ಬಿಟ್ಟಿದ್ದಾ? ಬಗ್ಗೋಕೆ ಬೇಜಾರು ಅಂತ ಬಿಟ್ಟೆ," ಎಂದ ಮೈದುನ. ಸಮಾಧಾನ ಹೇಳಲು ಅವನ ಹತ್ತಿರ ಇದ್ದದ್ದು ಅಷ್ಟೇ.

ಎರಡನೆಯ ಗೂಟದಲ್ಲಿ ಚಿಕ್ಕೋಳು ನಿಂತಿತ್ತು. ದೊಡ್ಡೋಳ ತಂಗಿ, ವರ್ಷ ದಾಟಿದ ಕಡಸು. ಉಜ್ಜಿದ ಹಿತ್ತಾಳೆಯ ಹಾಗೆ ಹೊಳೆಯುವ ಮೈ. ಎಲ್ಲಿ ಸವರಿದರೂ ಒಂದು ಗಂಟಿಲ್ಲ. ದೊಡ್ಡಮ್ಮ ಅದರ ಮುಂದೆ ಕೈ ಅಡ್ಡ ಹಿಡಿದು ನಿಂತಳು.

"ಇವಳಿಗೇನು ಮಾಡ್ಲಿ? ಇವನ ದನಗಳಿಂದ ಕಿತ್ಕೊಂಡು ಬಂದು ಹತ್ತಿಸ್ಲಾ?" ಹೂಂ ಅಂದಿದ್ದರೆ ಆಗಲೇ ಹೋಗುತ್ತಿದ್ದಳು.

"ಆ ವಯಸ್ಸು ದಾಟಿತು ಅಮ್ಮ. ಈಗ ಕಚ್ಚಿದ್ರೆ ಇದೂ ಅಕ್ಕನ ಹಾದಿಯೇ."

"ಲಸಿಕೆ?"

"ಅದೂ ಎಳೆಗರುವಿಗೇ ಹಾಕೋದು."

"ಮತ್ತೆ?"

"ಒಂದೂ ಕಚ್ಚದ ಹಾಗೆ ನೋಡ್ಕೊಳ್ಳಿ. ಮೊದಲಿನ ಹಾಗೇ ಆರಿಸ್ತಾ ಇರಿ."

"ಎಲ್ಲಿ ತನಕ?"

ಡಾಕ್ಟರಮ್ಮ ಪೆಟ್ಟಿಗೆ ಮುಚ್ಚಿದಳು. "ಅದು ಇರೋ ತನಕ."

ಅಷ್ಟರಲ್ಲಿ ಮೈದುನನ ದನಗಳು ಮೇದು, ಹೊಟ್ಟೆ ತುಂಬಿಸಿಕೊಂಡು, ಒಂದನ್ನೊಂದು ಉಜ್ಜುತ್ತ ಬೀದಿಗೆ ಬಂದವು. ಕಡಸು ಕಿವಿ ನಿಮಿರಿಸಿ, ಅವುಗಳ ಜೊತೆ ಸೇರಲು ಹಗ್ಗ ಬಿಗಿಯುವಷ್ಟು ಜಗ್ಗಿ, ಖುಷಿಯಿಂದ ಕೂಗಿತು.