ಅರವತ್ತರ ನಡುಕ

ವೇಗದ ಮುಳ್ಳು ಅರವತ್ತು ಮುಟ್ಟಿತೋ ಇಲ್ಲವೋ, ಹಳೆಯ ಅಂಬಾಸಿಡರ್ ಮತ್ತೆ ನಡುಗತೊಡಗಿತು. ಮೊದಲು ಕಾಲಡಿಯ ತಗಡು, ಆಮೇಲೆ ಸೀಟು, ಆಮೇಲೆ ಬಾಗಿಲು. ಸುರಪುರ ಇನ್ನೂ ದೂರವಿತ್ತು.

"ಮತ್ತ ಸುರು ಆತಲ್ಲೋ!" ಮುಂದೆ ಕೂತಿದ್ದ ಮಾನಪ್ಪ ಡ್ಯಾಶ್‌ಬೋರ್ಡ್ ಹಿಡಿದುಕೊಂಡ. "ನಿನ್ನೆರ ರಿಪೇರಿ ಮಾಡಿಸೇವಿ."

ಗಾಡಿ ಓಡಿಸುತ್ತಿದ್ದ ತಮ್ಮ ಪರಮಣ್ಣ ಬೇವಿನ ಮರದ ನೆರಳಿಗೆ ತಂದು ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಪರಮಣ್ಣನ ಮಗಳು ಭುವನೇಶ್ವರಿ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಕ್ಕೇರಾದ ಗಂಡನ ಮನೆಗೆಂದು ಹೊರಟು ಅರ್ಧ ದಾರಿಯಲ್ಲಿ ನಿಲ್ಲುವುದು ಇದು ಮೂರನೆಯ ಸಲ.

"ನಲವತ್ತರಾಗ ಹೊಂಟ್ರ ಮುಟ್ಟೂದಿಲ್ಲೇನು?" ಮಾನಪ್ಪ ಕೇಳಿದ.

"ಶಾಫ್ಟ್ ಕಳಚಿ ನೆಲಕ್ಕ ನಾಟಿದ್ರ ಗಾಡಿ ಪಲ್ಟಿ ಹೊಡೀತದಂತ ಗ್ಯಾರೇಜಿನ ಲಾಡ್ಲೇಸಾಬ ಹೇಳ್ಯಾನಣ್ಣ. ಹಿಂದ ಕೂಸು ಕುಂತಾಳ."

ಮಾನಪ್ಪ ಬೈಯುತ್ತಲೇ ಒಪ್ಪಿದ. ಬಸ್ಸಿನ ಮಾತು ಎತ್ತುವಂತಿರಲಿಲ್ಲ. ಮನೆತನದ ಹೆಣ್ಣುಮಗಳನ್ನು ಸ್ವಂತ ಗಾಡಿಯಲ್ಲೇ ತಂದು ಬಿಡುತ್ತೇನೆಂದು ಬೀಗರ ಮುಂದೆ ಮಾತು ಕೊಟ್ಟವನು ಅವನೇ. ಅವರೇ ಕಾರು ಕಳಿಸುತ್ತೇವೆಂದಾಗ ಮೀಸೆ ತಿರುವಿ ಬೇಡವೆಂದವನೂ ಅವನೇ.

ಭುವನೇಶ್ವರಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಾಳೆಂದು ಅಳಿಯ ಅರುಣಕುಮಾರ ಬೇಸಿಗೆಯಲ್ಲಿ ಫೋನ್ ಮಾಡಿದ್ದ. ಆರೈಕೆಗೆಂದು ವನದುರ್ಗದ ತವರಿಗೆ ಬಂದವಳು ಅವಳು. ಈಗ ಪಟ್ಟಿ ಬಿಚ್ಚಿಯಾಗಿತ್ತು. "ಕೈ ಕೂಡ್ಯದ, ಇನ್ನ ಕಳಸೂದ ಛಲೋ" ಎಂದು ಮಾನಪ್ಪ ತೀರ್ಮಾನಿಸಿದ. ಆ ಸಂಬಂಧ ತಂದವನು ಅವನು. ತಂದೆ ಸತ್ತಾಗ ಎಳೆಯ ಪರಮಣ್ಣನನ್ನು ಸಾಕಿ, ಮುಂದೆ ಹಿಟ್ಟಿನ ಗಿರಣಿ ಹಾಕಿಕೊಟ್ಟವನೂ ಅವನು. ಗಿರಣಿಯ ಪಟ್ಟಾ ಹರಿದರೂ ಬೇರಿಂಗ್ ಹೋದರೂ ಯಾರನ್ನೂ ಕರೆಯದ ಪರಮಣ್ಣ, ಅಣ್ಣನ ಮುಂದೆ ಮಾತ್ರ ನಿಂತ ನೆಲ ನೋಡುತ್ತಿದ್ದ. ಅವನ ಬಾಯಲ್ಲಿ "ಒಲ್ಲೆ" ಎಂಬ ಮಾತನ್ನು ಆ ಮನೆ ಕೇಳಿರಲಿಲ್ಲ.

ಗಾಡಿ ಕುಂಟುತ್ತ ಶಹಾಪುರಕ್ಕೆ ಮರಳಿತು. ಗ್ಯಾರೇಜಿನ ಬಾಗಿಲಲ್ಲೇ ಲಾಡ್ಲೇಸಾಬನ ಮುಖ ಕಪ್ಪಿಟ್ಟಿತು.

"ಮತ್ತ ಬಂದ್ರೇನ್ರಿ?"

ಅವನು ಮಾಡದ ಕೆಲಸ ಉಳಿದಿರಲಿಲ್ಲ. ಮೊದಲ ದಿನವೇ ಓಡುವ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ನೋಡಿದ್ದ. ನಡುಕ ನಿಂತಿರಲಿಲ್ಲ, ಹಾಗಾಗಿ ದೋಷ ಎಂಜಿನ್ನಿನದಲ್ಲ. ಚಕ್ರಗಳನ್ನು ಹಿಂದುಮುಂದು ಮಾಡಿದ್ದ, ಅವುಗಳದೂ ಅಲ್ಲ. ಹಿಂದಿನ ಚಕ್ರಗಳಿಗೆ ಎಂಜಿನ್ನಿನ ತಿರುಗುವ ಬಲ ಒಯ್ಯುವ ಉದ್ದನೆಯ ಶಾಫ್ಟಿನ ಕೀಲು ಸವೆದಿತ್ತು. ಅದನ್ನು ಬದಲಿಸಿದ. ಆದರೂ ಒಂದಿಷ್ಟು ನಡುಕ ಉಳಿಯಿತು. ಇಷ್ಟು ಹಳೆಯ ಗಾಡಿಗೆ ಹೊಸ ಶಾಫ್ಟ್ ದುಬಾರಿಯ ಮಾತು. ಅದಕ್ಕೇ ನೀರಿನ ಪೈಪಿಗೆ ಬಿಗಿಯುವಂಥ ಎರಡು ಕ್ಲಿಪ್ಪುಗಳನ್ನು ಶಾಫ್ಟಿಗೆ ಸುತ್ತಿದ. ಕ್ಲಿಪ್ಪಿನ ಸ್ಕ್ರೂ ಇದ್ದ ಕಡೆ ತುಸು ಭಾರ. ಆ ಭಾರ ಸರಿಯಾದ ಜಾಗಕ್ಕೆ ಬರುವವರೆಗೆ ತಿರುಗಿಸುತ್ತ, ಓಡಿಸುತ್ತ, ಮತ್ತೆ ತಿರುಗಿಸುತ್ತ ನಡುಕವನ್ನು ಪೂರ್ತಿ ಅಳಿಸಿದ. ಡ್ಯಾಶ್‌ಬೋರ್ಡ್ ಮೇಲೆ ಚಹಾದ ಕಪ್ಪಿಟ್ಟು ಎಂಬತ್ತಕ್ಕೆ ಓಡಿಸಿ ತೋರಿಸಿದ್ದ. ಹನಿ ಚೆಲ್ಲಿರಲಿಲ್ಲ.

ರಾತ್ರಿ ವನದುರ್ಗದ ಮನೆಯ ಮುಂದೆ ನಿಂತು ಮರುದಿನ ಹೊರಟ ಗಾಡಿ ಮತ್ತೆ ನಡುಗಿತ್ತು. ಎರಡನೆಯ ಸಲ ಸರಿಮಾಡಿದಾಗ ಅವನು ಕ್ಲಿಪ್ಪಿನ ಮೇಲಿಂದ ಶಾಫ್ಟಿನವರೆಗೆ ಕೆಂಪು ಬಣ್ಣದ ಗೆರೆ ಎಳೆದಿದ್ದ.

ಈಗ ಗಾಡಿಯಡಿ ತೂರಿ, ಟಾರ್ಚ್ ಬಿಟ್ಟು ನೋಡಿದ. ಕ್ಲಿಪ್ಪಿನ ಗೆರೆ ಒಂದು ಕಡೆ, ಶಾಫ್ಟಿನ ಗೆರೆ ಇನ್ನೊಂದು ಕಡೆ.

"ಇದು ತಾನ ಸಡಲಿದ್ದಲ್ರಿ," ಹೊರಬಂದು ಹೇಳಿದ. "ಯಾರೋ ತಿರುವಿ, ಮತ್ತ ಬಿಗದಾರ."

ಮಾನಪ್ಪ ಗರಕ್ಕನೆ ಹಿಂದಿನ ಸೀಟಿನತ್ತ ತಿರುಗಿದ. "ನೀ ಏನರ ಕೈ ಹಚ್ಚೀಯೇನು? ಹೋಗಾಕ ಮನಸಿಲ್ಲಂತ ಈ ಆಟೇನು?"

"ಇಲ್ಲ ದೊಡ್ಡಪ್ಪ. ನೀವು ಹೇಳಿದಂಗ ಹೊಂಟೇನಲ್ಲ."

ಪಕ್ಕದ ಹೋಟೆಲ್ಲಿನಿಂದ ಚಹಾ ಬಂತು. ಭುವನೇಶ್ವರಿ ಬಲಗೈ ಚಾಚಿದಳು. ಬೆರಳು ಮಡಚಲಾಗದೆ ಲೋಟ ಜಾರಿತು. ಬಗ್ಗಿದಾಗ ಸೆರಗು ಸರಿಯಿತು. ಕತ್ತಿನ ಬುಡದಲ್ಲಿ, ಬೀಡಿ ಒತ್ತಿದಷ್ಟು ಅಗಲದ ದುಂಡನೆಯ ಕಲೆಗಳು ಸಾಲಾಗಿದ್ದವು. ಅವಳು ಥಟ್ಟನೆ ಸೆರಗೆಳೆದುಕೊಂಡಳು. ಲಾಡ್ಲೇಸಾಬ ಮುಖ ಬೇರೆಡೆಗೆ ತಿರುಗಿಸಿದ. ಲೋಟ ಹಿಡಿಯದ ಕೈ ಸ್ಕ್ರೂ ತಿರುವೀತೇ?

"ಹಂಗಾದ್ರ ನೀನ ಸಡ್ಲ ಬಿಟ್ಟಿರಬೇಕು," ಮಾನಪ್ಪ ಮೆಕ್ಯಾನಿಕ್ಕನ ಮೇಲೆ ಹರಿಹಾಯ್ದ. "ಇವತ್ತ ಪಕ್ಕಾ ಮಾಡಿ ಕೊಡು. ನಾಳಿ ಮುಂಜಾನೆ ಕಕ್ಕೇರಾಕ್ಕ ಹೊಂಡಬೇಕು."

ಮೂವತ್ತು ವರ್ಷದ ಹೆಸರಿಗೆ ಪೆಟ್ಟು ಬಿದ್ದಂತಾಯಿತು ಲಾಡ್ಲೇಸಾಬನಿಗೆ. "ಆತ್ರಿ. ಕ್ಲಿಪ್ ಸರಿ ಜಾಗಾಕ್ಕ ತಂದು ವೆಲ್ಡ್ ಹೊಡದ ಬಿಡತೀನಿ. ಆ ಮ್ಯಾಲ ಯಾರಪ್ಪಗೂ ತಿರುವಾಕ ಬರೂದಿಲ್ಲ."

ಅವನು ವೆಲ್ಡಿಂಗ್ ಯಂತ್ರ ತರಲು ಶೆಡ್ಡಿನೊಳಗೆ ಹೋದ. ಪರಮಣ್ಣ ಅವನ ಬೆನ್ನಿಗೇ ನಡೆದ. ಒಳಗೆ ಯಾರೋ ಗ್ರೈಂಡರ್ ಹಚ್ಚಿದ್ದರು. ಪರಮಣ್ಣ ಮೆಕ್ಯಾನಿಕ್ಕನ ಎರಡೂ ಕೈ ಹಿಡಿದು ಏನೋ ಅಂದದ್ದು ಮಾನಪ್ಪನಿಗೆ ಕಂಡಿತು, ಕೇಳಿಸಲಿಲ್ಲ. ರೇಟಿನ ಚೌಕಾಸಿ ಇರಬೇಕೆಂದುಕೊಂಡ.

ಲಾಡ್ಲೇಸಾಬ ಬರಿಗೈಯಲ್ಲಿ ಹೊರಬಂದ. ಕಣ್ಣು ನೆಲದ ಮೇಲಿತ್ತು.

"ಮಾನಪ್ಪರ, ಈ ಗಾಡಿ ನನ್ನ ಕೈಲೆ ಆಗೂದಿಲ್ರಿ. ಶಾಫ್ಟ್ ಡೊಂಕಾಗ್ಯದ. ಇಂಥಾದ್ದು ಈಗ ಎಲ್ಲೂ ಸಿಗೂದಿಲ್ಲ."

"ಈಗರ ವೆಲ್ಡ್ ಹೊಡೀತೀನಿ ಅಂದಿ!"

"ತಪ್ಪ ಹೇಳಿದ್ನಿರಿ. ನನಗ ಬರದ ಕೆಲಸ ಇದು."

ಮಾನಪ್ಪ ಬಾಯಿಗೆ ಬಂದಂತೆ ಬೈದ. ಬೀದಿಯ ಜನ ನಿಂತು ನೋಡಿದರು. ಲಾಡ್ಲೇಸಾಬ ಬಗ್ಗಿ ತನ್ನ ಸಾಮಾನು ಎತ್ತಿಡತೊಡಗಿದ.

ಗಾಡಿ ನಿಧಾನವಾಗಿ ವನದುರ್ಗದ ಕಡೆ ತಿರುಗಿತು. ಹಿಂದಿನ ಸೀಟಿನಲ್ಲಿ ಭುವನೇಶ್ವರಿ ಚೀಲಕ್ಕೆ ತಲೆಯಾನಿಸಿ ನಿದ್ದೆ ಹೋದಳು.

"ಬ್ಯಾರೆ ಗಾಡಿ ನೋಡತೀನಿ," ಮಾನಪ್ಪ ಹೇಳಿದ. "ಈ ವಾರದಾಗ ಬಿಟ್ಟು ಬರೂದ."

"ಹೂಂ ಅಣ್ಣ," ಎಂದ ಪರಮಣ್ಣ.

ಗ್ರೈಂಡರಿನ ಗದ್ದಲದಲ್ಲಿ ಅವನು ಆಡಿದ್ದು ಒಂದೇ ಮಾತು: "ವೆಲ್ಡ್ ಹೊಡದ್ರ ಇವತ್ತ ರಾತ್ರಿ ನಾ ಏನ್ ತಿರುವಲಿ, ಲಾಡ್ಲೇಸಾಬ?"