ಅಳಬಾರದಂತ

"ಮೊದಲನೇ ಸಲ ನಿಮಗ ಯಾರು ಕುಡಿಸಿದ್ರು, ಸೋನಾಬಾಯಿ?" ಆಪ್ತಸಲಹೆಗಾರ್ತಿ ರಜಿಯಾ ಕೇಳಿದಳು. ೧೯೯೮ರ ಅಥಣಿಯ ಆ ಕೋಣೆಯಲ್ಲಿ ಸುತ್ತಲೂ ಕುಳಿತಿದ್ದವರೆಲ್ಲ ಎಚ್‌ಐವಿ ಇದ್ದು, ಕುಡಿತ ಬಿಡಲೆಂದು ಬಂದ ಹೆಂಗಸರು.

ಸೋನಾಬಾಯಿ, ಪ್ರತಿ ವಾರ ತನ್ನ ಜೊತೆಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದ ತಾಯಿ ಲಕ್ಕವ್ವನನ್ನು ತೋರಿಸಿದಳು. "ಈಕೀನರಿ. ದೇವದಾಸಿ ಅಂತ ಮುತ್ತು ಕಟ್ಟಿಸಿ ಮುಂಬೈಗೆ ದಂಧೆಕ್ಕ ಕಳಸೂ ದಿನ ಚಾದಾಗ ಸೆರೆ ಬೆರಸಿ ಕುಡಿಸಿದ್ಳು."

ಲಕ್ಕವ್ವ ತಲೆ ತಗ್ಗಿಸಲಿಲ್ಲ. ಮಗಳ ಭುಜದಿಂದ ಜಾರಿದ್ದ ಸೆರಗನ್ನು ಮೆಲ್ಲಗೆ ಸರಿಪಡಿಸಿ, ಕೈಯನ್ನು ಅಲ್ಲೇ ಇಟ್ಟಳು. "ನೀ ಅಳಬಾರದಂತ ಕುಡಿಸಿದ್ನಿ, ಸೋನಾ."

"ಅತ್ತಿದ್ರ ಏನಾಗತಿತ್ತಬೇ?"

"ನನಗ ನಿನ್ನ ಕಳಸಾಕ ಆಗತಿದ್ದಿಲ್ಲ."

ಸೋನಾಬಾಯಿ ತಾಯಿಯ ಕೈಯನ್ನು ತನ್ನ ಭುಜದಿಂದ ತೆಗೆದು, ಅವಳ ಮಡಿಲಲ್ಲೇ ಇಟ್ಟಳು. ಆಮೇಲೆ ರಜಿಯಾಳ ಕಡೆ ತಿರುಗಿದಳು.

"ಮುಂದಿನ ವಾರದಿಂದ ನಾ ಒಬ್ಬಾಕೀನ ಬರ್ತೀನ್ರಿ, ಬಾಯಾರ."