ಎರಡನೇ ಕ್ಯಾಮೆರಾ

"ಎರಡನೇ ಕ್ಯಾಮೆರಾ, ಬಿದ್ದವಳನ್ನ ಬಿಟ್ಟು ಗೆದ್ದವಳ ಕಡೆ ತಿರುಗಿಸಪ್ಪಾ!" ಪ್ರಸಾರದ ವ್ಯಾನಿನಲ್ಲಿ ನಿರ್ದೇಶಕಿ ಗುಡುಗಿದಳು. ಅವಳು ಗುಡುಗಿದರೆ ಚಂದ್ರನೂ ಒಂದು ಗೇಣು ಪಕ್ಕಕ್ಕೆ ಸರಿಯುತ್ತಾನೆ. ಅರ್ಧ ಭೂಮಂಡಲವೇ ಉಸಿರು ಬಿಗಿಹಿಡಿದು ನೋಡುತ್ತಿದ್ದ ಓಟದ ಫೈನಲ್ ಅದು. ಮೊಣಕಾಲು ಹಿಡಿದುಕೊಂಡು ಟ್ರ್ಯಾಕಿನ ಮೇಲೆ ಬಿದ್ದಿದ್ದವಳು ನಿರ್ದೇಶಕಿಯ ಮಗಳು.

ಗೋಡೆಯ ತುಂಬ, ಕ್ಯಾಮೆರಾಗೊಂದರಂತೆ, ಆಕಾಶದ ನಕ್ಷತ್ರಗಳಿಗಿಂತ ಹೆಚ್ಚು ಪರದೆಗಳಿದ್ದವು. ಎಲ್ಲದರಲ್ಲೂ ಗೆದ್ದವಳೇ ಕುಣಿಯುತ್ತಿದ್ದಳು. ಎರಡನೆಯದರಲ್ಲಿ ಮಾತ್ರ ಇನ್ನೂ ಮಗಳು.

"ಏನಪ್ಪಾ, ಕಿವಿ ಮನೇಲಿ ಬಿಟ್ಟು ಬಂದ್ಯಾ?"

"ಇಲ್ಲಕ್ಕಾ," ಹೆಡ್‌ಫೋನಿನಲ್ಲಿ ಕ್ಯಾಮೆರಾದವನ ದನಿ ಕೇಳಿತು. "ಗೆದ್ದವಳಿಗೆ ಬೇಕಾದಷ್ಟು ಕ್ಯಾಮೆರಾ ಇವೆ. ಇದನ್ನ ಪ್ರಸಾರಕ್ಕೆ ಹಾಕ್ಬೇಡಿ. ನೀವು ನೋಡ್ಕೊಳ್ಳಿ, ಸಾಕು."

ಮಗಳು ಮೊಣಕೈ ಊರಿ ಏಳಲು ನೋಡಿದಳು. ನಿರ್ದೇಶಕಿ ಪರದೆಯ ಮೇಲೆ, ಆ ಮೊಣಕಾಲಿದ್ದಲ್ಲಿಗೇ ಅಂಗೈ ಒತ್ತಿದಳು.

"ಮೂರನೇ ಕ್ಯಾಮೆರಾ, ಗೆದ್ದವಳ ನಗು ಹತ್ತಿರದಿಂದ ತೋರಿಸಿ," ಎಂದಳು. ಆಮೇಲೆ, ಇರುವೆಗೂ ಕೇಳಿಸದಷ್ಟು ಮೆಲ್ಲಗೆ: "ಎರಡನೇದು... ಅಲ್ಲೇ ಇರಪ್ಪಾ."